ನೇತಾಜಿಯವರ ಹೆಸರುಗಳು

ತೈವಾನ್ ದ್ವೀಪದ ತೈಪೆ ನಗರವನ್ನು ಜಪಾನೀಯರು ತಾಯ್ಹೋಕು ಎಂದು ಕರೆಯುತ್ತಿದ್ದ ಕಾಲದ ದಹನ ದಾಖಲೆಯೊಂದರಲ್ಲಿ ಒಂದು ಹೆಸರಿದೆ: ಇಚಿರೊ ಒಕುರಾ. ಆತ ಜಪಾನೀ ಸೈನಿಕನೆಂದೂ ೧೯೪೫ರ ಆಗಸ್ಟ್ ತಿಂಗಳಿನಲ್ಲಿ ಹೃದಯ ನಿಂತು ತೀರಿಕೊಂಡನೆಂದೂ ಅಲ್ಲಿ ಬರೆದಿದೆ. ನಮ್ಮ ದೇಶದಲ್ಲಿ ಬಹುಮಂದಿ ಕೇಳಿಯೂ ಇರದ ಈ ಹೆಸರಿನ ಸುತ್ತ ಸ್ವತಂತ್ರ ಭಾರತದ ಅತಿ ದೀರ್ಘವಾದ ವಿವಾದವೊಂದು ಬೆಳೆದು ನಿಂತಿದೆ. ಅಂದು ಬೂದಿಯಾದವನು ಒಕುರಾ ಎಂಬ ಸೈನಿಕನೋ, ಆ ಹೆಸರಿನ ಮರೆಯಲ್ಲಿದ್ದ ಸುಭಾಷಚಂದ್ರ ಬೋಸರೋ?

೨೦೧೫ರ ಸೆಪ್ಟೆಂಬರ್ ೧೮ರಂದು ಪಶ್ಚಿಮ ಬಂಗಾಳದ ಸರ್ಕಾರವು ತನ್ನಲ್ಲಿದ್ದ ೬೪ ಕಡತಗಳನ್ನು ಬಹಿರಂಗಗೊಳಿಸಿತು. ಮರುವರ್ಷ ಜನವರಿ ೨೩ರಂದು, ಬೋಸರ ಜನ್ಮದಿನದಂದೇ, ಕೇಂದ್ರ ಸರ್ಕಾರವು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಮೂಲಕ ೧೦೦ ಕಡತಗಳನ್ನು ಹೊರತಂದಿತು. ಅನಂತರ ಕಂತುಕಂತಾಗಿ ಬಂದವನ್ನೂ ಕೂಡಿದರೆ ಅವುಗಳ ಸಂಖ್ಯೆ ಮುನ್ನೂರನ್ನು ದಾಟುತ್ತದೆ. ಬಾಗಿಲು ತೆರೆದೊಡನೆ ಗುಟ್ಟು ಹೊರಬೀಳುವುದೆಂದು ಜನ ಕಾದಿದ್ದರು. ಒಳಗೆ ಸಿಕ್ಕಿದ್ದು ಹೆಚ್ಚಾಗಿ ಇಲಾಖೆ ಇಲಾಖೆಗಳ ನಡುವಣ ಪತ್ರವ್ಯವಹಾರ, ಅಧಿಕಾರಿಗಳ ಟಿಪ್ಪಣಿ, ಚಿತಾಭಸ್ಮವನ್ನು ತರಿಸಬೇಕೆ ಬೇಡವೆ ಎಂಬ ಮುಗಿಯದ ಜಿಜ್ಞಾಸೆ. ಸ್ವತಂತ್ರ ಭಾರತದ ಗುಪ್ತಚರ ಇಲಾಖೆಯು ೧೯೪೮ರಿಂದ ೧೯೬೮ರವರೆಗೆ, ಇಪ್ಪತ್ತು ವರ್ಷ, ಬೋಸರ ಬಂಧುಗಳ ಪತ್ರಗಳನ್ನು ಕದ್ದು ಓದುತ್ತಿತ್ತೆಂಬ ನಾಚಿಕೆಗೇಡಿನ ಸಂಗತಿ ಮಾತ್ರ ೨೦೧೫ರಲ್ಲಿ ಬೆಳಕಿಗೆ ಬಂದಿತು. ಆದರೆ ಮೂಲ ಪ್ರಶ್ನೆ ಇದ್ದಲ್ಲಿಯೇ ಇದೆ. ಕಡತಗಳು ಸಾಲದೆ ಹೋದದ್ದು ಇದಕ್ಕೆ ಕಾರಣವೆಂದು ನನಗೆ ತೋರುವುದಿಲ್ಲ. ಈ ಮನುಷ್ಯನ ವಿಷಯದಲ್ಲಿ ದಾಖಲೆಯ ಮೇಲಿನ ಹೆಸರನ್ನು ಹೇಗೆ ಓದಬೇಕೆಂಬುದೇ ನಮಗಿನ್ನೂ ಇತ್ಯರ್ಥವಾಗಿಲ್ಲ.

ಯಾವುದೇ ಪತ್ರಾಗಾರದಲ್ಲಿ ಒಬ್ಬ ವ್ಯಕ್ತಿಯನ್ನು ಅರಸುವವನಿಗೆ ಮೊದಲ ತೊಡಕು ಹೆಸರಿನದೇ. ಬಂಗಾಳಿಯಲ್ಲಿ ಆ ಮನೆತನ 'ಬಸು'. ಇಂಗ್ಲಿಷ್ ಅಕ್ಷರಗಳಲ್ಲಿ 'ಬೋಸ್'. ಸ್ವಂತ ಹೆಸರಿನ ಕಾಗುಣಿತವನ್ನೂ ಅವರು ಒಂದು ರೀತಿ ಬರೆದರೆ ಉತ್ತರದ ಪತ್ರಿಕೆಗಳು ಇನ್ನೊಂದು ರೀತಿ ಬರೆದವು. ನಮಗೇನೂ ಇದು ಹೊಸದಲ್ಲ. ನಿಜಲಿಂಗಪ್ಪನವರ ಹೆಸರಿನ ಹಿಂದಿನ ಒಂಟಿ ಅಕ್ಷರ ಸಿದ್ದವನಹಳ್ಳಿ ಎಂಬ ಊರೆಂದು ಅರಿಯದ ಪರದೇಶದ ಗ್ರಂಥಪಾಲಕ ಅವರನ್ನು ಯಾವ ಅಕ್ಷರದ ಕೆಳಗೆ ಇಟ್ಟಾನೋ ಹೇಳಲಾಗದು! ಆದರೆ ಇವೆಲ್ಲ ಬಲ್ಲವರು ಬಿಡಿಸಬಹುದಾದ ಗಂಟುಗಳು. ಬೋಸರದು ಬೇರೆಯೇ ಬಗೆಯ ಗಂಟು. ಅವರು ತಮ್ಮ ಹೆಸರನ್ನು ತಾವೇ, ಬೇಕೆಂದೇ, ದಾಖಲೆಗಳಿಂದ ಅಳಿಸಿಕೊಂಡು ನಡೆದವರು.

೧೯೪೧ರ ಜನವರಿ ೧೬ರ ನಡುರಾತ್ರಿ ದಾಟಿದ ಮೇಲೆ ಕಲ್ಕತ್ತೆಯ ಎಲ್ಗಿನ್ ರಸ್ತೆಯ ಮನೆಯಿಂದ ಒಂದು ಮೋಟಾರು ಹೊರಬಿದ್ದಿತು. ಪೊಲೀಸರ ಕಾವಲು ಸುತ್ತಲೂ ಇತ್ತು. ಕಾರು ನಡೆಸಿದವರು ಅಣ್ಣನ ಮಗ ಶಿಶಿರ ಬೋಸ್. ಒಳಗೆ ಕುಳಿತವರು ವಿಮಾ ಕಂಪನಿಯ ಮಹಮ್ಮದ್ ಜಿಯಾವುದ್ದೀನ್. ಗೋಮೋ ನಿಲ್ದಾಣದಲ್ಲಿ ರೈಲು ಹಿಡಿದು ಆ ಜಿಯಾವುದ್ದೀನ್ ಪೆಷಾವರ ಸೇರಿದರು. ಬೋಸರು ಮನೆಯಲ್ಲಿಲ್ಲವೆಂಬ ಸುದ್ದಿ ಹೊರಬೀಳಲು ಸುಮಾರು ಹತ್ತು ದಿನ ಹಿಡಿಯಿತು. ಅಷ್ಟು ಹೊತ್ತಿಗೆ ಗಡಿಯಾಚೆಯ ಗುಡ್ಡಗಾಡಿನಲ್ಲಿ ಅವರು ಪಷ್ತು ಬಾರದ ಕೊರತೆಯನ್ನು ಮುಚ್ಚಲು ಕಿವುಡ ಮೂಗನಾಗಿದ್ದರು. ಕಾಬೂಲಿನಲ್ಲಿ ಇಟಲಿಯ ರಾಯಭಾರ ಕಚೇರಿ ಅವರಿಗೊಂದು ಪಾಸ್‌ಪೋರ್ಟ್ ಕೊಟ್ಟಿತು; ಅದರ ಮೇಲಿನ ಹೆಸರು ಒರ್ಲಾಂಡೊ ಮಜೊಟ್ಟಾ. ಏಪ್ರಿಲ್ ಮೊದಲ ವಾರದಲ್ಲಿ ಮಾಸ್ಕೋ ಮಾರ್ಗವಾಗಿ ಬರ್ಲಿನ್ನಿಗೆ ಬಂದಿಳಿದವರು ಈ ಮಜೊಟ್ಟಾ. ೧೯೪೨ರ ಫೆಬ್ರವರಿಯಲ್ಲಿ ಆಕಾಶವಾಣಿಯಲ್ಲಿ ಸ್ವಂತ ಹೆಸರಿನಿಂದ ಮಾತನಾಡುವವರೆಗೆ ಅವರಿಗೆ ಇದೇ ಹೆಸರು. ಹೀಗಾಗಿ ೧೯೪೧ರ ಬೋಸರನ್ನು ಬೋಸ್ ಎಂಬ ಹೆಸರಿನ ಕೆಳಗಷ್ಟೇ ಹುಡುಕುವವನಿಗೆ ಅರ್ಧ ಕಥೆಯೂ ಸಿಗುವುದಿಲ್ಲ.

ಆ ವೇಷಗಳ ಬೆಲೆ ಎಷ್ಟಿತ್ತೆಂಬುದು ಬಹಳ ಕಾಲದ ಮೇಲೆ ತಿಳಿದುಬಂತು. ಅದೇ ಮಾರ್ಚ್ ತಿಂಗಳಿನಲ್ಲಿ ಬ್ರಿಟಿಷರ ಗುಪ್ತ ಕಾರ್ಯಾಚರಣೆಯ ವಿಭಾಗವು, ಬೋಸರು ಮಧ್ಯಪ್ರಾಚ್ಯದ ಮೂಲಕ ಜರ್ಮನಿಗೆ ಹೋಗುವಾಗ ಅವರನ್ನು ಕೊಲ್ಲಬೇಕೆಂದು ತನ್ನವರಿಗೆ ಆಜ್ಞೆ ಕಳಿಸಿತ್ತು. ಐರ್ಲೆಂಡಿನ ಇತಿಹಾಸಕಾರ ಯೂನನ್ ಒ'ಹ್ಯಾಲ್ಪಿನ್ ಇದನ್ನು ಬ್ರಿಟಿಷ್ ದಾಖಲೆಗಳಲ್ಲಿ ಕಂಡು ೨೦೦೫ರಲ್ಲಿ ಪ್ರಕಟಿಸಿದರು. ಮಜೊಟ್ಟಾ ಆ ದಾರಿ ಹಿಡಿಯದೆ ರಷ್ಯದ ಮೂಲಕ ಹೋದದ್ದರಿಂದ ಬೋಸರು ಉಳಿದರು. ಕಾಬೂಲಿನವರೆಗೆ ಅವರ ಕೈಹಿಡಿದು ನಡೆಸಿದ ಭಗತ್ ರಾಮ್ ತಲ್ವಾರರ ವಿಷಯ ಇನ್ನೂ ಸೋಜಿಗದ್ದು. ಜರ್ಮನರಿಗೆ ಅವರು ನೆಚ್ಚಿನ ರಹಮತ್ ಖಾನ್. ಬ್ರಿಟಿಷರ ಗುಪ್ತ ಕಡತಗಳಲ್ಲಿ ಅದೇ ವ್ಯಕ್ತಿ 'ಸಿಲ್ವರ್' ಎಂಬ ಗೂಢನಾಮದ ಬೇಹುಗಾರ. ಒಂದು ದೇಶದ ಪತ್ರಾಗಾರವನ್ನಷ್ಟೇ ನೋಡಿದವನಿಗೆ ಅಚ್ಚುಕಟ್ಟಾದ ಒಬ್ಬ ದೇಶಭಕ್ತ ಕಾಣುತ್ತಾನೆ. ಎರಡನ್ನೂ ನೋಡಿದವನು ಇದಾವನಪ್ಪಾ ಎಂದು ತಲೆಯ ಮೇಲೆ ಕೈಯಿಟ್ಟುಕೊಳ್ಳಬೇಕಾಗುತ್ತದೆ.

ಮುಂದೆ ೧೯೪೩ರಲ್ಲಿ ಜಲಾಂತರ್ಗಾಮಿಗಳಲ್ಲಿ ಪೂರ್ವದೇಶಕ್ಕೆ ಬಂದ ಮೇಲೆ ಹೆಸರಿನ ಇನ್ನೊಂದು ಪಲ್ಲಟ. ಜಪಾನಿನಲ್ಲಿ ಆಗಲೇ ಒಬ್ಬ ಬೋಸರಿದ್ದರು: ೧೯೧೫ರಲ್ಲಿ ಅಲ್ಲಿಗೆ ತಪ್ಪಿಸಿಕೊಂಡು ಹೋಗಿ, ತೋಕಿಯೋ ನಗರದ ನಾಕಾಮುರಾಯಾ ಅಂಗಡಿಯ ಮನೆಯ ಅಳಿಯನಾಗಿ, ಊರಿಗೆಲ್ಲ ಭಾರತದ ಸಾರಿನ ರುಚಿ ಹತ್ತಿಸಿದ ರಾಸ್ ಬಿಹಾರಿ ಬೋಸ್. ಅವರು ಬಿಹಾರಿ ಬೋಸ್, ಇವರು ಚಂದ್ರ ಬೋಸ್. ಸುಭಾಷ ಎಂಬ ಮಾತೇ ಬಿದ್ದುಹೋಯಿತು. ಇಂದಿಗೂ ಜಪಾನೀ ಭಾಷೆಯ ಪುಸ್ತಕಗಳಲ್ಲಿ ನಮ್ಮ ನೇತಾಜಿ ಚಂದ್ರ ಬೋಸ್ ಎಂದೇ ಪ್ರಸಿದ್ಧರು.

ಆ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ೧೯೪೫ರ ಆಗಸ್ಟ್ ೧೮ಕ್ಕೆ ಬರೋಣ. ಜಪಾನು ಶರಣಾಗಿ ಮೂರು ದಿನವಾಗಿತ್ತು. ತಾಯ್ಹೋಕು ನಿಲ್ದಾಣದಿಂದ ಮೇಲೆದ್ದ ಜಪಾನೀ ಬಾಂಬರ್ ವಿಮಾನ ನೆಲಕ್ಕಪ್ಪಳಿಸಿತು. ಜೊತೆಯಲ್ಲಿದ್ದ ಸೇನಾಧಿಪತಿ ಷಿದೇಯಿ ಸತ್ತರು; ಬೋಸರ ಸಂಗಡಿಗ ಹಬೀಬುರ್ ರಹಮಾನ್ ಬದುಕಿ ಉಳಿದರು. ಮೈಯೆಲ್ಲ ಸುಟ್ಟ ಬೋಸರು ಅಂದು ರಾತ್ರಿ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ಅವರು ಹೇಳಿದರು. ಚಿಕಿತ್ಸೆ ಮಾಡಿದ ಡಾಕ್ಟರ್ ಯೋಷಿಮಿ ಅವರೂ ಅದನ್ನೇ ಹೇಳಿದರು. ಮರಣಪತ್ರದಲ್ಲಿ ತಾವು ಜಪಾನೀ ಲಿಪಿಯಲ್ಲಿ ಬರೆದ ಹೆಸರು 'ಚಂದ್ರ ಬೋಸ್' ಎಂದು ಆ ವೈದ್ಯರ ಸಾಕ್ಷ್ಯ. ನಗರದ ದಹನ ದಾಖಲೆಯಲ್ಲಿ ಮಾತ್ರ ಒಕುರಾ.

ಇದನ್ನು ಎರಡು ಬಗೆಯಾಗಿ ಓದಿದವರಿದ್ದಾರೆ. ೧೯೪೬ರಲ್ಲೇ ಆ ದ್ವೀಪಕ್ಕೆ ಹೋಗಿ ವಿಚಾರಿಸಿದ ಪತ್ರಕರ್ತ ಹರಿನ್ ಷಾ, ಬೋಸರ ಸಾವನ್ನು ಗುಟ್ಟಾಗಿಡಲು ಜಪಾನೀ ಸೈನ್ಯ ಬೇರೆ ಹೆಸರನ್ನು ಬರೆಸಿತೆಂದು ನಂಬಿದರು. ೧೯೯೯ರಲ್ಲಿ ನೇಮಕವಾಗಿ ೨೦೦೫ರಲ್ಲಿ ವರದಿ ಒಪ್ಪಿಸಿದ ನ್ಯಾಯಮೂರ್ತಿ ಮುಖರ್ಜಿ ಆಯೋಗವು ದಾಖಲೆಯನ್ನು ಅಕ್ಷರಶಃ ನಂಬಿತು: ಹೆಸರು ಒಕುರಾ ಎಂದಿದ್ದರೆ ಸತ್ತವನು ಒಕುರಾ, ತೋಕಿಯೋದಲ್ಲಿರುವ ಬೂದಿಯೂ ಅವನದೇ, ವಿಮಾನಾಪಘಾತದಲ್ಲಿ ಬೋಸರು ಸಾಯಲಿಲ್ಲ. ಸರ್ಕಾರ ಈ ವರದಿಯನ್ನು ೨೦೦೬ರಲ್ಲಿ ತಿರಸ್ಕರಿಸಿತು. ಅದಕ್ಕೆ ಮುಂಚಿನ ಷಾ ನವಾಜ್ ಸಮಿತಿ ೧೯೫೬ರಲ್ಲಿಯೂ ಖೋಸ್ಲಾ ಆಯೋಗ ೧೯೭೪ರಲ್ಲಿಯೂ ಸಾವು ನಿಜವೆಂದೇ ತೀರ್ಮಾನಿಸಿದ್ದವು. ಮೊದಲನೆಯದರಲ್ಲಿ ಬೋಸರ ಅಣ್ಣ ಸುರೇಶಚಂದ್ರರು ಭಿನ್ನಮತ ಬರೆದರು. ೧೯೫೬ರ ಜನವರಿಯಲ್ಲಿ ಜಪಾನ್ ಸರ್ಕಾರ ತಾನೇ ನಡೆಸಿದ ವಿಚಾರಣೆಯ ವರದಿಯೂ ಸಾವನ್ನೇ ಹೇಳುತ್ತದೆ. ಅದು ಬೆಳಕು ಕಂಡದ್ದು ೨೦೧೬ರಲ್ಲಿ, ಅರವತ್ತು ವರ್ಷದ ಮೇಲೆ!

ನನ್ನ ಮಟ್ಟಿಗೆ ಮೊದಲನೆಯ ಓದೇ ಸರಿಯೆಂದು ತೋರುತ್ತದೆ. ಸೋತ ಸೈನ್ಯವೊಂದು, ಗೆದ್ದವರು ಬಂದಿಳಿಯುವ ಮುನ್ನ, ಅವರ ದೊಡ್ಡ ವೈರಿಯ ಶವವನ್ನು ಆತನ ಹೆಸರಿನಲ್ಲೇ ಸುಡಲು ಅಂಜಿದ್ದರೆ ಆಶ್ಚರ್ಯವಿಲ್ಲ. ಮರಣದ ವಾರ್ತೆಯನ್ನು ಜಪಾನೀಯರು ಹೊರಗೆಡಹಿದ್ದೂ ಕೆಲವು ದಿನ ತಡೆದೇ. ಇಚಿರೊ ಎಂಬುದು ಹಿರಿಯ ಮಗನಿಗೆ ಇಡುವ ಹೆಸರು, ನಮ್ಮ ತಿಮ್ಮಣ್ಣ, ರಾಮಣ್ಣನಂತೆ ಎಲ್ಲೆಲ್ಲೂ ಸಿಗುವಂಥದು. ತೈವಾನಿನ ಸರ್ಕಾರ ಅಪಘಾತದ ದಾಖಲೆ ತನ್ನಲ್ಲಿಲ್ಲವೆಂದು ಮುಖರ್ಜಿ ಆಯೋಗಕ್ಕೆ ತಿಳಿಸಿದ್ದನ್ನು ದೊಡ್ಡ ಸಾಕ್ಷಿಯೆಂದು ಹೇಳುವುದುಂಟು. ಆದರೆ ಆ ದ್ವೀಪ ಜಪಾನೀಯರ ಕೈಬಿಟ್ಟಿದ್ದು ೧೯೪೫ರ ಅಕ್ಟೋಬರಿನಲ್ಲಿ. ಆಗಸ್ಟಿನ ಸೈನಿಕ ಸಂಗತಿಯನ್ನು ಆಮೇಲೆ ಬಂದವರ ಕಪಾಟಿನಲ್ಲಿ ಹುಡುಕಿ ಕಾಣದೆ ಹೋದರೆ ಅದರಿಂದ ಸಿದ್ಧವಾಗುವುದು ಬಹಳ ಕಡಿಮೆ. ಮುಖರ್ಜಿಯವರ ಓದು ಸರಿಯೆನ್ನುವವರು ಇನ್ನೊಂದನ್ನೂ ಯೋಚಿಸಬೇಕು. ಒಕುರಾ ಎಂಬವನು ನಿಜವಾಗಿ ಇದ್ದಿದ್ದರೆ ಅವನಿಗೂ ಒಂದು ಮನೆ, ಒಬ್ಬ ತಾಯಿ ಇದ್ದಿರಬೇಕು. ಆ ಮನೆಯವರ ಬೂದಿಯನ್ನು ನಾವು ಇಷ್ಟು ಕಾಲ ನಮ್ಮದೆಂದು ಹೇಳಿಕೊಳ್ಳುತ್ತಿದ್ದೇವೆ.

ಹಾಗೆಂದು ನಂಬದ ಜನರನ್ನು ಹಳಿಯಲು ಮನಸ್ಸು ಬಾರದು. ಜಿಯಾವುದ್ದೀನನಾಗಿ, ಮೂಗನಾಗಿ, ಮಜೊಟ್ಟಾ ಆಗಿ ಸಾಮ್ರಾಜ್ಯದ ಕಣ್ಣು ತಪ್ಪಿಸಿದವನ ಹೆಸರು ಕೊನೆಯ ದಾಖಲೆಯಲ್ಲಿಯೂ ಇಲ್ಲವೆಂದರೆ, ಇದೂ ಮತ್ತೊಂದು ವೇಷವೆಂದು ಜನ ಏಕೆ ಎಣಿಸಬಾರದು? ಹೆಸರಿಗಿಂತ ಮನುಷ್ಯ ದೊಡ್ಡವನೆಂದು ಅವರಿಗೆ ಕಲಿಸಿದವರು ಬೋಸರೇ. ಆಳುವವರು ಕಡತಗಳನ್ನು ಬೀಗದಲ್ಲಿಟ್ಟು ಆ ಎಣಿಕೆಗೆ ನೀರೆರೆದರು. ಫೈಜಾಬಾದಿನಲ್ಲಿ ಬಾಳಿ ೧೯೮೫ರಲ್ಲಿ ತೀರಿಕೊಂಡ ಸಾಧುವೊಬ್ಬರನ್ನು ಜನ ಗುಮ್‌ನಾಮಿ ಬಾಬಾ, ಎಂದರೆ ಹೆಸರಿಲ್ಲದ ಬಾಬಾ, ಎಂದು ಕರೆದರು. ಆ ಬರಿದಾದ ಜಾಗದಲ್ಲಿ ನೇತಾಜಿಯ ಹೆಸರನ್ನು ತಂದಿಟ್ಟರು. ಅವರು ಬೋಸರಲ್ಲ, ಬೋಸರ ಅನುಯಾಯಿ ಎಂದು ಹೇಳಲು ಉತ್ತರ ಪ್ರದೇಶಕ್ಕೆ ಒಂದು ಆಯೋಗವೇ ಬೇಕಾಯಿತು. ನ್ಯಾಯಮೂರ್ತಿ ಸಹಾಯ್ ಅವರ ಆ ವರದಿ ೨೦೧೯ರಲ್ಲಿ ವಿಧಾನಸಭೆಗೆ ಬಂದಿತು.

ಶಿಶಿರ ಬೋಸರು ೧೯೫೭ರಲ್ಲಿ ಅದೇ ಎಲ್ಗಿನ್ ರಸ್ತೆಯ ಮನೆಯಲ್ಲಿ ನೇತಾಜಿ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅಂದು ರಾತ್ರಿ ಗೋಮೋದತ್ತ ಓಡಿದ ಕಾರು ಇಂದು ಅಲ್ಲಿಯೇ ನಿಂತಿದೆ. ತೋಕಿಯೋದ ರೆಂಕೋಜಿ ದೇವಾಲಯದಲ್ಲಿ ೧೯೪೫ರ ಸೆಪ್ಟೆಂಬರಿನಲ್ಲಿ ಇಟ್ಟ ಅಸ್ಥಿಯೂ ಅಲ್ಲಿಯೇ ಇದೆ. ಅದನ್ನು ವೈಜ್ಞಾನಿಕವಾಗಿ ಪರೀಕ್ಷಿಸಿ ತಾಯ್ನಾಡಿಗೆ ತರಬೇಕೆಂದು ಮಗಳು ಅನಿತಾ ಬೋಸ್ ಪಾಫ್ ಹಲವು ಸಲ ಕೇಳಿಕೊಂಡಿದ್ದಾರೆ. ೧೯೪೨ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು, ತಂದೆ ಯುರೋಪನ್ನು ಬಿಟ್ಟು ಹೊರಟಾಗ ಇನ್ನೂ ಮೂರು ತಿಂಗಳೂ ತುಂಬದ ಕೂಸು.