ರೋಮ ಉದುರದ ನಾಯಿ

ಮನೆಯಲ್ಲಿ ಉಬ್ಬಸದ ಮಗುವಿದೆ. ಅದೇ ಮಗು ನಾಯಿಮರಿಗಾಗಿ ಹಟ ಹಿಡಿದಿದೆ. ರೋಮ ಉದುರದ ಪೂಡಲ್ ಜಾತಿಯದನ್ನು ತಂದರೆ ಬಾಧಕವಿಲ್ಲವೆಂದು ಮಾರುವವನು ಭರವಸೆ ಕೊಡುತ್ತಾನೆ. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು.

ಆದರೆ ದೋಷ ರೋಮದ್ದಲ್ಲ. ನಾಯಿಯ ಜೊಲ್ಲು, ಮೂತ್ರ, ಚರ್ಮದಿಂದ ಉದುರುವ ಹೊಟ್ಟು ಇವುಗಳಲ್ಲಿರುವ ಪ್ರೋಟೀನುಗಳೇ ಅಲರ್ಜಿಗೆ ಮೂಲ; ರೋಮ ಅವುಗಳ ವಾಹನ ಮಾತ್ರ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಸಂಶೋಧನೆಯೊಂದರಲ್ಲಿ, ‘ಅಲರ್ಜಿ ತಾರದ’ವೆಂಬ ಜಾತಿಗಳ ರೋಮದಲ್ಲಿ ಅಂಥ ಮುಖ್ಯ ಪ್ರೋಟೀನೊಂದು ಉಳಿದವುಗಳಿಗಿಂತ ಹೆಚ್ಚಾಗಿಯೇ ಕಂಡುಬಂದಿತು!

ಆಸ್ಟ್ರೇಲಿಯದ ವಾಲಿ ಕಾನ್ರನ್ನರ ಅನುಭವವೂ ಇಲ್ಲಿ ಸ್ಮರಣೀಯ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಾಗಿತ್ತು. ಪತಿಗೋ ನಾಯಿಯ ಅಲರ್ಜಿ. ಪೂಡಲ್‌ಗಳು ಆ ಕೆಲಸಕ್ಕೆ ಒದಗದಿರಲು, 1980ರ ದಶಕದ ಕೊನೆಯಲ್ಲಿ ಕಾನ್ರನ್ ಲ್ಯಾಬ್ರಡಾರಿಗೂ ಪೂಡಲಿಗೂ ಸಂಕರ ಮಾಡಿಸಿದರು. ಹುಟ್ಟಿದ ಮೂರು ಮರಿಗಳ ರೋಮ, ಜೊಲ್ಲುಗಳನ್ನು ಹವಾಯಿಗೆ ಕಳುಹಿಸಿ ನೋಡಿದರೆ, ಪತಿಗೆ ಸಹ್ಯವಾದದ್ದು ಒಂದೇ ಮರಿ. ಒಡಹುಟ್ಟಿದವುಗಳಲ್ಲಿಯೇ ಇಷ್ಟು ಅಂತರ!

ಆದಕಾರಣ, ಜಾತಿಗಿಂತ ಮೊದಲು ಆ ಒಂದು ನಾಯಿಯನ್ನೇ ಪರೀಕ್ಷಿಸಿರಿ. ವೈದ್ಯರು ಸಮ್ಮತಿಸಿದರೆ, ಮಗುವನ್ನು ನಾಲ್ಕಾರು ಬಾರಿ ಅದರ ಬಳಿಗೆ ಕರೆದೊಯ್ದು ನೋಡಿರಿ. ಉಬ್ಬಸ ತೀವ್ರವಾಗಿದ್ದರೆ ಆ ಪರೀಕ್ಷೆಯೂ ಬೇಡ. ಒಮ್ಮೆ ತಂದು, ಹೆಸರಿಟ್ಟು, ಹಿಂದಿರುಗಿಸುವುದು ಮಗುವಿಗೂ ನಾಯಿಗೂ ಸಂಕಟ.

ಪೂಡಲ್‌ನ ರೋಮ ಉದುರದೆ ಬೆಳೆಯುತ್ತಲೇ ಇರುವುದರಿಂದ ಕೆಲವು ವಾರಗಳಿಗೊಮ್ಮೆ ಕತ್ತರಿಸಬೇಕು; ಆ ಖರ್ಚನ್ನು ಮಾರುವವನು ಹೇಳಲಾರ. ಯಾವ ನಾಯಿ ಬಂದರೂ ಮಲಗುವ ಕೋಣೆ ಅದಕ್ಕೆ ನಿಷಿದ್ಧ. ನಮ್ಮ ಹಿರಿಯರ ಮನೆಗಳಲ್ಲಿ ನಾಯಿ ಜಗಲಿ ದಾಟುತ್ತಿರಲಿಲ್ಲವಷ್ಟೆ.