ಚರಂಡಿ ಸಣ್ಣ ವಿಷಯವೇ?

ಚರಂಡಿ ಸಣ್ಣ ವಿಷಯ ಅಂತ ನಮಗೆ ಗೊತ್ತಿರಲಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನಿಂದ ಸುದ್ದಿ ಬಂದ ಮೇಲೆ ಗೊತ್ತಾಯಿತು. ಆಗ ಬಿಜೆಪಿಯ ರಾಜ್ಯಾಧ್ಯಕ್ಷರಾಗಿದ್ದ ನಳಿನ್ ಕುಮಾರ್ ಕಟೀಲ್ ತಮ್ಮ ಕಾರ್ಯಕರ್ತರಿಗೆ ಪಾಠ ಹೇಳಿದರು: ರಸ್ತೆ, ಚರಂಡಿಯಂಥ ಸಣ್ಣ ವಿಷಯ ಬಿಡಿ, ಲವ್ ಜಿಹಾದ್ ಬಗ್ಗೆ ಮಾತಾಡಿ ಅಂತ. ಮುಂದಿನ ತಿಂಗಳು, ಬರೋ ಚುನಾವಣೆ ಟಿಪ್ಪುವಿಗೂ ಸಾವರ್ಕರಿಗೂ ಅಂದರು. ಇಬ್ಬರೂ ಸತ್ತೋರು. ಬದುಕಿರೋ ನಮ್ಮ ಕೇರಿಯೋರು ಯಾರಿಗೆ ಅರ್ಜಿ ಕೊಡಬೇಕು?

ನಮ್ಮವ್ವನಿಗೆ ಓದು ಬರುವುದಿಲ್ಲ. ಸುದ್ದಿ ಓದಿ ಹೇಳಿದೆ. "ಊರಿನ ಕೊಚ್ಚೆಯೆಲ್ಲ ಹರಕೊಂಡು ಬಂದು ನಮ್ಮ ಬಾಗ್ಲಲ್ಲೇ ನಿಲ್ತದಲ್ಲ ಮಗ, ದಾಟೋರ್ಗೆ ತಾನೆ ಅದ್ರ ಅಗಲ ಗೊತ್ತಾಗೋದು" ಅಂದಳು. ನನ್ನ ಬಿ.ಎ. ಡಿಗ್ರಿ ತಲೆ ತಗ್ಗಿಸಿತು.

ಚರಂಡಿ ಸಣ್ಣದು ಅನ್ನುವವನು ಅದರೊಳಗೆ ಇಳಿಯದವನು. ಮಲ ಹೊರುವುದರ ವಿರುದ್ಧ 1993ರಲ್ಲೊಂದು ಕಾಯ್ದೆ, 2013ರಲ್ಲಿ ಇನ್ನೊಂದು. ಆದರೂ ಗುಂಡಿಗಿಳಿದು ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ, 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. 2010ರ ಜುಲೈನಲ್ಲಿ ಸವಣೂರಿನ ಭಂಗಿಗಳು, ಇರೋ ಜಾಗ ಬಿಡಿಸಬೇಡಿ ಅಂತ ಮೈಮೇಲೆ ಮಲ ಸುರಿದುಕೊಂಡು ನಿಂತರು. ಆಗಲೂ ಇವರದೇ ಸರ್ಕಾರ. ಅವರೇನು ಹಿಂದೂಗಳಲ್ಲವೇ? ಅವರಿಗಾಗಿ ಯಾವ ಕೇಸರಿ ಶಾಲು ಬೀದಿಗೆ ಬಂತು?

ಹಾಗಾದರೆ ಧರ್ಮದ ಗಲಾಟೆ ಬಿಟ್ಟು ಇವರ ಜೋಳಿಗೆಯಲ್ಲಿ ಏನೂ ಇರಲಿಲ್ಲವೇ? ಇತ್ತು. ಸುಳ್ಳು ಹೇಳಬಾರದು. 2021ರ ಡಿಸೆಂಬರಿನಲ್ಲಿ ಉತ್ತರದ ಹಿಂದುಳಿದ ಜಿಲ್ಲೆಗಳ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟಿದ್ದು ಬೊಮ್ಮಾಯಿ ಸರ್ಕಾರ. ಕೆಲವು ಮಠಾಧೀಶರು ಕೂಗಾಡಿದರೂ ನಿಲ್ಲಿಸಲಿಲ್ಲ. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ ಶೇ. 15ರಿಂದ 17ಕ್ಕೆ, ಪಂಗಡದ್ದು 3ರಿಂದ 7ಕ್ಕೆ ಏರಿಸಿದ್ದೂ ಅದೇ ಸರ್ಕಾರ.

ಮತ್ತೆ ಕಟೀಲರು ಮೊಟ್ಟೆಯ ಹೆಸರಲ್ಲಿ ಮತ ಕೇಳಿ ಅಂತ ಯಾಕೆ ಹೇಳಲಿಲ್ಲ? ಮೊಟ್ಟೆಗೆ ಲೆಕ್ಕ ಇದೆ. ಎಷ್ಟು ಕೊಟ್ಟಿರಿ, ಯಾವತ್ತು ಕೊಟ್ಟಿರಿ ಅಂತ ಮಗು ಕೂಡ ಕೇಳಬಹುದು. ಮೀಸಲಾತಿಗೂ ಲೆಕ್ಕ ಇದೆ: ಶೇ. 50ರ ಮಿತಿ ದಾಟಿದ ಮೇಲೆ ಒಂಬತ್ತನೇ ಷೆಡ್ಯೂಲಿನ ರಕ್ಷಣೆ ಎಲ್ಲಿ ಅಂತ ಕೇಳಬಹುದು. ದಿಲ್ಲಿಯಲ್ಲಿ ಅವರೇ ಇದ್ದರೂ ಚುನಾವಣೆಯೊಳಗೆ ಅದು ಸಿಕ್ಕಲಿಲ್ಲ. ದ್ವೇಷಕ್ಕೆ ಮಾತ್ರ ಲೆಕ್ಕ ಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಅವರು ಸಂಸ್ಕೃತಿ ಅನ್ನುವುದು ನಮ್ಮ ಕೊಟ್ಟಿಗೆಗೂ ತಟ್ಟೆಗೂ ಬಂದು ಕೂರುತ್ತದೆ. 2020ರ ಜಾನುವಾರು ಕಾಯ್ದೆ ನೋಡಿ. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಮಿಕ್ಕದ್ದನ್ನು ಕಡಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ಉಳಲಾರದ ಎತ್ತನ್ನು ನಮ್ಮಪ್ಪ ಯಾರಿಗೆ ಮಾರಬೇಕು? ಮೇವು ಯಾರು ಕೊಡ್ತಾರೆ? ಗೋಮಾತೆ ಅವರಿಗೆ, ಖರ್ಚು ನಮಗೆ!

ಹಳೆಯದನ್ನೂ ನೆನೆಯೋಣ. ಎಪ್ಪತ್ತರ ದಶಕದಲ್ಲಿ ಚರಂಡಿಯನ್ನು ದೊಡ್ಡ ವಿಷಯ ಮಾಡಿದ ಮಂತ್ರಿಯೊಬ್ಬರಿದ್ದರು: ಬಿ. ಬಸವಲಿಂಗಪ್ಪ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು. 1973ರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದೇ ತಡ, ಸಂಸ್ಕೃತಿಗೆ ಬೆಂಕಿ ಬಿತ್ತು ಅಂತ ಬೊಬ್ಬೆ ಎದ್ದಿತು. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು, ಮಂತ್ರಿಗಿರಿ ಹೋಯಿತು. ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ. ಸಂಸ್ಕೃತಿಯ ದೊಣ್ಣೆ ಒಂದೇ ಪಕ್ಷದ ಕೈಯಲ್ಲಿಲ್ಲ.

2023ರ ಮೇ ತಿಂಗಳಲ್ಲಿ ಜನ ಬಿಜೆಪಿಗೆ 66 ಸ್ಥಾನ ಕೊಟ್ಟರು, ಕಾಂಗ್ರೆಸ್ಸಿಗೆ 135. ಗೆದ್ದವರು ಗ್ಯಾರಂಟಿ ತಂದರು, ಸರಿ. ಅದಕ್ಕೆ ನಮ್ಮ ಉಪಯೋಜನೆಯ ಸಾವಿರಾರು ಕೋಟಿಗೇ ಕೈ ಹಾಕಿದರು. ಇವರಿಗೂ ನಮ್ಮ ಚರಂಡಿ ಸಣ್ಣದೇ.

ಗೆಳೆಯರೇ, ಮೇಷ್ಟ್ರೇ, ಇನ್ನು ಮುಂದೆ ಯಾರೇ ಓಟು ಕೇಳಲು ಬರಲಿ, ಕೇರಿಯ ಕೊನೇ ಮನೆಗೇ ಕರಕೊಂಡು ಹೋಗೋಣ. ಚಪ್ಪಲಿ ಕೈಲಿ ಹಿಡಿದು ಚರಂಡಿ ದಾಟಲಿ. ಆಮೇಲೆ ಧರ್ಮದ ಮಾತಾಡಲಿ, ಕೇಳೋಣ.