ಕೀರ್ತಿ ನೋಡಿ ಅಲ್ಲ, ದುಡಿಮೆ ನೋಡಿ ಆರಿಸಿ

ಭೌತಶಾಸ್ತ್ರದ ಸಂಶೋಧನೆಗೆಂದು ಜರ್ಮನಿಗೆ ಬರಬಯಸುವ ನಮ್ಮ ನಾಡಿನ ವಿದ್ಯಾರ್ಥಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಬಾಳಿನುದ್ದಕ್ಕೂ ಅಧ್ಯಯನ ಮಾಡಲು ಯಾವ ಶಾಖೆಯನ್ನು ಆರಿಸಿಕೊಳ್ಳಲಿ?’ ಹಲವರ ಮನಸ್ಸಿನಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ: ಕೃಷ್ಣರಂಧ್ರ, ಹಿಗ್ಸ್ ಕಣ, ಕ್ವಾಂಟಂ ಕಂಪ್ಯೂಟರ್. ಸುದ್ದಿಯಲ್ಲಿರುವ ವಿಷಯ ಮನಸ್ಸನ್ನು ಸೆಳೆಯುವುದು ಸಹಜ. ಆದರೆ ಶಾಖೆಯೊಂದರ ಕೀರ್ತಿಯನ್ನಲ್ಲ, ಅದು ಬೇಡುವ ದಿನನಿತ್ಯದ ದುಡಿಮೆಯನ್ನು ನೋಡಿ ಆರಿಸಬೇಕೆಂಬುದು ನನ್ನ ನಿಲುವು.

ಗುರುತ್ವ ತರಂಗಗಳ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಲೇಸರ್ ಬಳಸಿ ಅವುಗಳನ್ನು ಪತ್ತೆಹಚ್ಚುವ ಉಪಕರಣದ ವಿವರವಾದ ವಿಶ್ಲೇಷಣೆಯನ್ನು ರೈನರ್ ವೈಸ್ ಬರೆದದ್ದು 1972ರಲ್ಲಿ. ತರಂಗ ಮೊದಲ ಬಾರಿಗೆ ದಾಖಲಾದದ್ದು 2015ರ ಸೆಪ್ಟೆಂಬರ್ 14ರಂದು. ನಡುವಣ 43 ವರ್ಷಗಳ ಬಹುಪಾಲು ಕನ್ನಡಿಗಳನ್ನು ನಯಗೊಳಿಸುವುದರಲ್ಲಿ, ನೆಲದ ಕಂಪನವನ್ನು ತಡೆಯುವುದರಲ್ಲಿ ಕಳೆದವು. ಆ ಕೆಲಸವನ್ನೇ ಮೆಚ್ಚಿದವರು ಮಾತ್ರ ಅಷ್ಟು ಕಾಲ ಕಾಯಬಲ್ಲರು. ಘನಸ್ಥಿತಿ ಭೌತಶಾಸ್ತ್ರದಲ್ಲಿರುವ ನನ್ನ ದಿನಗಳೂ ಹೆಚ್ಚಾಗಿ ಸ್ಫಟಿಕಗಳನ್ನು ತಣಿಸಿ ಅಳೆಯುವುದರಲ್ಲೇ ಸಾಗುತ್ತವೆ. ಅದರಲ್ಲಿ ನನಗೆ ಬೇಸರವಿಲ್ಲ.

ಒಮ್ಮೆ ಮಾಡಿದ ಆಯ್ಕೆ ಬಾಳನ್ನೆಲ್ಲ ಕಟ್ಟಿಹಾಕುತ್ತದೆಂಬ ಅಂಜಿಕೆಯೂ ಬೇಡ. ಮದ್ರಾಸಿನಲ್ಲಿ ಓದಿ 1930ರಲ್ಲಿ ಕೇಂಬ್ರಿಜ್‌ಗೆ ತೆರಳಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ನಕ್ಷತ್ರಗಳ ರಚನೆಯಿಂದ ಆರಂಭಿಸಿ, ವಿಕಿರಣದ ಸಾಗಣೆ, ದ್ರವಚಲನೆಯ ಸ್ಥಿರತೆ, ಕೃಷ್ಣರಂಧ್ರಗಳ ಗಣಿತ ಎಂದು ಕ್ಷೇತ್ರದಿಂದ ಕ್ಷೇತ್ರಕ್ಕೆ ಸಾಗಿದರು. ಆದರೆ ಒಂದೊಂದರಲ್ಲೂ ವರ್ಷಗಟ್ಟಲೆ ನೆಲೆನಿಂತು, ಗ್ರಂಥವೊಂದನ್ನು ಬರೆದ ಬಳಿಕವೇ ಮುಂದಕ್ಕೆ ಹೆಜ್ಜೆಯಿಟ್ಟರು. ಆಳವಾಗಿ ಕಲಿತವನಿಗೆ ದಾರಿ ಬದಲಿಸುವ ಶಕ್ತಿಯೂ ದಕ್ಕುತ್ತದೆ.

ಆಯ್ಕೆಯ ಹೊತ್ತು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಪ್ರವೇಶ ಪಡೆದು, ಒಂದೆರಡು ವರ್ಷ ಪಾಠ ಕೇಳಿದ ಮೇಲೆ ವಿಷಯವನ್ನು ನಿರ್ಧರಿಸಬಹುದು. ಜರ್ಮನಿಯಲ್ಲಿ ಪಿಎಚ್‌.ಡಿ. ಎಂಬುದು ಹೆಚ್ಚಾಗಿ ಒಂದು ನೌಕರಿ. ನಿರ್ದಿಷ್ಟ ಯೋಜನೆಗೆಂದೇ ನೇಮಕವಾಗುವುದರಿಂದ ವಿಮಾನ ಹತ್ತುವ ಮೊದಲೇ ಆಯ್ಕೆ ಮುಗಿದಿರುತ್ತದೆ. ಮೇಲಾಗಿ, ವಿಶ್ವವಿದ್ಯಾಲಯಗಳಲ್ಲಿ ಇಂತಹ ತಾತ್ಕಾಲಿಕ ಹುದ್ದೆಗಳಿಗೆ ಇಲ್ಲಿನ ಕಾನೂನು ಸಾಮಾನ್ಯವಾಗಿ ಡಾಕ್ಟರೇಟ್‌ಗೆ ಮುನ್ನ 6 ವರ್ಷ, ನಂತರ 6 ವರ್ಷದ ಮಿತಿ ವಿಧಿಸಿದೆ. ಕಾಯಂ ಹುದ್ದೆಗಳು ವಿರಳ. ಕಲಿತ ಕೌಶಲವನ್ನು ನಂಬಿ ಉದ್ಯಮಗಳತ್ತ ಹೊರಳುವವರೇ ಬಹಳ.

ಆದ್ದರಿಂದ ಒಪ್ಪಿಗೆ ನೀಡುವ ಮುನ್ನ ಆ ತಂಡದ ವಿದ್ಯಾರ್ಥಿಗಳನ್ನು ಮೂರು ಪ್ರಶ್ನೆ ಕೇಳಿ: ದಿನವಿಡೀ ಏನು ಮಾಡುತ್ತೀರಿ? ಫಲಿತಾಂಶಕ್ಕೆ ಎಷ್ಟು ವರ್ಷ ಹಿಡಿಯುತ್ತದೆ? ಇಲ್ಲಿಂದ ಹೊರಟವರು ಈಗ ಎಲ್ಲಿದ್ದಾರೆ? ಮನೆಯ ಹಿರಿಯರಲ್ಲಿಯೂ ಒಂದು ವಿನಂತಿ. ಸಂಬಳವೆಷ್ಟು ಎಂದು ಅಗತ್ಯವಾಗಿ ವಿಚಾರಿಸಿ. ಜೊತೆಗೆ, ಫಲ ಕಾಣದ ದಿನಗಳಲ್ಲೂ ಈ ಕೆಲಸವನ್ನು ಮನಸ್ಸಿಟ್ಟು ಮಾಡಬಲ್ಲೆಯಾ ಎಂದೂ ಮಕ್ಕಳನ್ನು ಕೇಳಿ. ಸಂಶೋಧಕನ ಬಾಳಿನಲ್ಲಿ ಅಂತಹ ದಿನಗಳೇ ಹೆಚ್ಚು.